ರಾಗಿ ಏನು ಕದ್ದ ಮಾಲಾ?

ಹೋದ ಭಾನುವಾರ ಮತ್ತೊಂದು ರೀಲು ಕಣ್ಣಿಗೆ ಬಿತ್ತು. ಮೊಟ್ಟೆ ಇಲ್ಲದ, ಮೈದಾ ಇಲ್ಲದ, ಸಕ್ಕರೆ ಇಲ್ಲದ ಚಾಕೊಲೇಟ್ ಕೇಕು. ಒಳಗೆ ಬೀಟ್ರೂಟು, ರಾಗಿ. ಕೊನೆಯಲ್ಲಿ ಆಕೆ ಕ್ಯಾಮೆರಾ ಕಡೆ ಕಣ್ಣು ಹೊಡೆದು ಹೇಳುತ್ತಾಳೆ: "ಮಕ್ಕಳಿಗೆ ಗೊತ್ತೇ ಆಗಲ್ಲ!" ಮೂವರು ಗೆಳತಿಯರು ಅದನ್ನು ನನಗೆ ಕಳಿಸಿದರು. ನಾನು ಈ ಕೇಕು ಮಾಡುತ್ತೇನೆ ಅಂತ ಅವರಿಗೆ ಗೊತ್ತು. ಹೌದು, ಮಾಡುತ್ತೇನೆ. ಎರಡು ವರ್ಷದಿಂದ, ತಿಂಗಳಿಗೆ ಎರಡು ಸಲವಾದರೂ. ಕೇಕಿನ ಮೇಲೆ ನನಗೇನೂ ತಕರಾರಿಲ್ಲ. ತಕರಾರಿರುವುದು ಆ ಕಣ್ಣು ಹೊಡೆಯುವುದರ ಮೇಲೆ.

ನಮ್ಮ ಮನೆಯಲ್ಲಿ ಇದು ಶುರುವಾಗಿದ್ದು ಮಗನ ಐದನೇ ಹುಟ್ಟುಹಬ್ಬಕ್ಕೆ. ಆ ವರ್ಷ ಅದು ಸೋಮವಾರ ಬಂತು. ಅತ್ತೆಯವರದು ಮಂಡ್ಯ ಕಡೆ, ಸೋಮವಾರ ಶನಿವಾರ ಮೊಟ್ಟೆ ಮುಟ್ಟುವುದಿಲ್ಲ. ಪುತ್ತೂರಿನ ನನ್ನ ಅಮ್ಮ ಯಾವ ವಾರವೂ ಮುಟ್ಟುವುದಿಲ್ಲ. ಇಬ್ಬರೂ ಅವತ್ತು ನಮ್ಮಲ್ಲೇ ಇದ್ದರು. ಬೇಕರಿಯಿಂದ ತರಬಹುದಿತ್ತು, ಬೆಂಗಳೂರಲ್ಲಿ ಮೊಟ್ಟೆ ಇಲ್ಲದ ಕೇಕಿಗೇನು ಬರ? ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಬೀದಿಬೀದಿಗೆ ಬೇಕರಿ ಇಟ್ಟ ಊರಿದು. ಮೇಲೆ ಕೆಂಪು ಜಾಮು, ಅದರ ಮೇಲೆ ಕೊಬ್ಬರಿ ಪುಡಿ, ಬೆರಳಿಟ್ಟರೆ ಪಾಕ ಒಸರುವ ಹನಿ ಕೇಕು ತಿನ್ನದೆ ಇಲ್ಲಿ ದೊಡ್ಡವರಾದವರು ಯಾರಿದ್ದಾರೆ? ಆದರೆ ಆಗ ನನ್ನ ತಲೆಗೆ ತರಕಾರಿ ಚಿಂತೆ ಹತ್ತಿತ್ತು. ಮಗ ವರ್ಷದಿಂದ ತರಕಾರಿ ಬಿಟ್ಟಿದ್ದ. ಉಪ್ಪಿಟ್ಟಿನ ಬೀನ್ಸ್ ಒಂದೊಂದಾಗಿ ಹೆಕ್ಕಿ ತಟ್ಟೆಯಂಚಿಗೆ ಸಾಲಾಗಿ ಜೋಡಿಸುತ್ತಿದ್ದ. ಬೀಟ್ರೂಟ್ ಪಲ್ಯ ಕಂಡರೆ ಮೂಗು ಮುಚ್ಚಿಕೊಂಡು "ಮಣ್ಣು ವಾಸ್ನೆ" ಅನ್ನುತ್ತಿದ್ದ.

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೀಟ್ರೂಟಿನಲ್ಲಿ ಜಿಯೋಸ್ಮಿನ್ ಅನ್ನುವ ಒಂದು ವಸ್ತು ಇದೆ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಯಲ್ಲೂ ಇರುವುದು ಅದೇ. ಮಳೆಗೆ ನಾವು ಮೂಗರಳಿಸಿ ನಿಲ್ಲುತ್ತೇವೆ, ತಟ್ಟೆಯಲ್ಲಿ ಬಂದರೆ ಮಗು ಮೂಗು ಮುಚ್ಚುತ್ತದೆ. ಹುಳಿ ತಾಗಿದರೆ ಆ ವಾಸನೆ ತಗ್ಗುತ್ತದೆ, ಕೋಕೋದ ಕಹಿ ಉಳಿದಿದ್ದನ್ನು ಮುಚ್ಚಿಬಿಡುತ್ತದೆ. ಮೊಸರು ಹಾಕಿದ ಚಾಕೊಲೇಟ್ ಕೇಕಿನಲ್ಲಿ ಬೀಟ್ರೂಟು ಸಿಕ್ಕಿಬೀಳದೆ ಇರುವುದು ಇದರಿಂದಲೇ.

ಮೊದಲ ಕೇಕನ್ನು ಪೂರ್ತಿ ರಾಗಿಹಿಟ್ಟಿನಲ್ಲೇ ಮಾಡಿದೆ. ಉತ್ಸಾಹ ನೋಡಿ! ಚಾಕು ಇಟ್ಟ ಕೂಡಲೇ ಉದುರಿಹೋಯಿತು. ರಾಗಿಯಲ್ಲಿ ಗೋಧಿಯ ಹಾಗೆ ಜಿಗುಟು ಇಲ್ಲ, ಹಿಡಿದುಕೊಳ್ಳಲು ಮೊಟ್ಟೆಯೂ ಇಲ್ಲ. ಮತ್ತೆ ಯಾವುದು ಹಿಡಿಯಬೇಕು? ಮೇಣದಬತ್ತಿ ಒಂದು ಕಡೆ ವಾಲಿತು. ಬಂದವರು ಚಪ್ಪಾಳೆ ತಟ್ಟಬೇಕೋ ಬೇಡವೋ ಅಂತ ನೋಡುತ್ತಿದ್ದರು. ಅತ್ತೆ ಮಾತ್ರ ಒಂಚೂರೂ ಬೇಸರ ಮಾಡಿಕೊಳ್ಳದೆ ಬಟ್ಟಲು ತಂದು, "ಹುರಿಹಿಟ್ಟು ಥರಾನೆ ಐತೆ, ಹಾಲು ಹುಯ್ಕೊಂಡು ತಿನ್ನಾನ ಬುಡವ್ವ" ಅಂದರು. ಎಲ್ಲರೂ ಹಾಗೇ ತಿಂದೆವು. ಸತ್ಯ ಹೇಳಬೇಕೆಂದರೆ ಚೆನ್ನಾಗಿತ್ತು.

ಆಮೇಲೆ ಕಲಿತೆ. ಒಂದು ಪಾಲು ರಾಗಿ, ಎರಡು ಪಾಲು ಚಪಾತಿ ಹಿಟ್ಟು. ಬೀಟ್ರೂಟನ್ನು ಸಿಪ್ಪೆ ಸಮೇತ ಕುಕ್ಕರಿನಲ್ಲಿ ಬೇಯಿಸಿ, ಆಮೇಲೆ ಸಿಪ್ಪೆ ಸುಲಿದು, ನೀರು ಹಾಕದೆ ನುಣ್ಣಗೆ ರುಬ್ಬುವುದು. ನಾಲ್ಕೈದು ತಿಂಗಳು ಮಗನಿಗೆ ಹೇಳದೆಯೇ ತಿನ್ನಿಸಿದೆ. ನಾನೂ ಆ ರೀಲಿನವಳ ಹಾಗೆಯೇ ಗೆಳತಿಯರ ಮುಂದೆ ಕಣ್ಣು ಹೊಡೆದವಳೇ.

ಒಂದು ದಿನ ಅವಸರದಲ್ಲಿ ಸರಿಯಾಗಿ ರುಬ್ಬಲಿಲ್ಲ. ಕಡಲೆಕಾಳಿನಷ್ಟು ದೊಡ್ಡ ಕೆಂಪು ಚೂರೊಂದು ಅವನ ಹಲ್ಲಿಗೆ ಸಿಕ್ಕಿತು. ಬಾಯಿಂದ ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನೋಡಿದ. ಲೈಟಿನ ಕೆಳಗೆ ಹಿಡಿದು ಇನ್ನೊಮ್ಮೆ ನೋಡಿದ. ಆಮೇಲೆ ನನ್ನನ್ನು ನೋಡಿದ. "ಅಮ್ಮ, ಇದು ಬೀಟ್ರೂಟಾ?" ನಾನು ನಕ್ಕೆ. ನಗಬಾರದಿತ್ತು. "ಕೇಕಲ್ಲೂ ಹಾಕ್ತೀಯಾ?" ಅಂದವನೇ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದುಹೋದ.

ಕೇಕು ಬಿಟ್ಟ, ಹೋಗಲಿ. ಮಾರನೇ ದಿನದಿಂದ ದೋಸೆ ಹರಿದು ಒಳಗೆ ನೋಡಲು ಶುರುಮಾಡಿದ. ಚಪಾತಿಯನ್ನು ಬೆಳಕಿಗೆ ಹಿಡಿಯುತ್ತಿದ್ದ. ಅನ್ನದಲ್ಲಿ ಏನಿದೆ ಅಂತ ಕೇಳಿದ. ಅನ್ನದಲ್ಲಿ! ನಾನು ಮಾಡಿದ ಯಾವುದರ ಮೇಲೂ ಅವನಿಗೆ ನಂಬಿಕೆ ಇರಲಿಲ್ಲ. ಒಂದು ತಿಂಗಳು ಹೀಗೇ ನಡೆಯಿತು. ಬಚ್ಚಿಟ್ಟು ನಾಲ್ಕು ತಿಂಗಳಲ್ಲಿ ಒಳಗೆ ಹೋದ ತರಕಾರಿಯ ಲೆಕ್ಕವನ್ನು ಆ ಒಂದು ತಿಂಗಳು ತಿಂದುಹಾಕಿತು.

ನನ್ನ ಗೋಳು ಕೇಳಿದ ಅತ್ತೆ ಅಂದಿದ್ದು ಒಂದೇ ಮಾತು. "ಅದ್ಯಾಕವ್ವ ಬಚ್ಚಿಟ್ಟೆ? ರಾಗಿ ಏನು ಕದ್ದ ಮಾಲಾ?"

ಅವರಿಗೆ ನೋವಾಗಿದ್ದು ಬೀಟ್ರೂಟಿಗಲ್ಲ, ರಾಗಿಗೆ. ಅವರ ಊರಿನ ಪಕ್ಕದ ವಿ.ಸಿ. ಫಾರ್ಮ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲೇ ತಳಿವಿಜ್ಞಾನಿ ರಾಗಿ ಲಕ್ಷ್ಮಣಯ್ಯ ಇದ್ದಿದ್ದು. ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದವರು. ಇಂಡಿಯಾದ ಇಂಡು, ಆಫ್ರಿಕಾದ ಆಫು. ಇಳುವರಿ ಹೆಚ್ಚಿ ಮನೆಮನೆ ಕಣಜ ತುಂಬಿದ್ದನ್ನು ನೋಡಿದವರ ಮುಂದೆ ರಾಗಿಯನ್ನು ಕೋಕೋ ಪುಡಿಯ ಹಿಂದೆ ಅಡಗಿಸಿದೆ ಅಂತ ಹೆಮ್ಮೆಪಟ್ಟುಕೊಂಡರೆ ಹೇಗಿರುತ್ತೆ, ಅಲ್ವಾ?

ಅತ್ತೆಯ ಮಾತು ಕೇಳಿದ ಮೇಲೆ ನನಗೆ ನಮ್ಮೂರಿನ ಮುಳ್ಳುಸೌತೆ ಕೊಟ್ಟಿಗೆ (ದನದ ಕೊಟ್ಟಿಗೆಯಲ್ಲ, ತಿಂಡಿ) ನೆನಪಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬಳ್ಳಿಯಲ್ಲಿ ಬಲಿತು ಹಳದಿಯಾದ ಮುಳ್ಳುಸೌತೆಯನ್ನು ತುರಿದು, ನೆನೆಸಿದ ಅಕ್ಕಿ, ತೆಂಗಿನತುರಿ, ಬೆಲ್ಲದ ಜೊತೆ ಅಜ್ಜಿ ರುಬ್ಬುತ್ತಿದ್ದರು. ಬಾಳೆಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವುದು. ರುಬ್ಬುವಾಗ ಒಂದು ತೊಟ್ಟು ನೀರು ಹಾಕಲು ಬಿಡುತ್ತಿರಲಿಲ್ಲ. "ಸೌತೆಯಲ್ಲೇ ಉಂಟಲ್ಲ ನೀರು, ಮತ್ತೆಂತಕ್ಕೆ?" ಮೊಟ್ಟೆ ಇಲ್ಲ, ಸೋಡ ಇಲ್ಲ, ಕೊಟ್ಟಿಗೆ ಮೆತ್ತಗೆ ಬರುತ್ತಿದ್ದುದು ಆ ಸೌತೆಯ ನೀರಿನಿಂದ. ಅದಕ್ಕೆ ಯಾರೂ "ಗುಟ್ಟಿನ ತರಕಾರಿ ತಿಂಡಿ" ಅಂತ ಹೆಸರಿಡಲಿಲ್ಲ. ತರಕಾರಿಯ ಹೆಸರೇ ಮುಂದೆ, ತಿಂಡಿಯ ಹೆಸರು ಹಿಂದೆ. ಕಾಶಿ ಹಲ್ವ ತಿನ್ನುವಾಗ ಅದು ಬೂದುಗುಂಬಳ ಅಂತ ಯಾರು ಮುಚ್ಚಿಡುತ್ತಾರೆ? ಕ್ಯಾರೆಟ್ ಹಲ್ವದ ವಿಷಯವಂತೂ ಕೇಳಲೇಬೇಡಿ.

ಇಂಗ್ಲೆಂಡಿನಲ್ಲೂ ಅಷ್ಟೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮೊಟ್ಟೆ, ಸಕ್ಕರೆ ಎರಡೂ ರೇಷನ್ನು. ಒಬ್ಬರಿಗೆ ವಾರಕ್ಕೆ ಸುಮಾರು ಒಂದೇ ಮೊಟ್ಟೆ. ಆಗ ಸರ್ಕಾರವೇ ಕ್ಯಾರೆಟ್ ಹಾಕಿ ಕೇಕು, ಪುಡ್ಡಿಂಗು ಮಾಡಿ ಅಂತ ಹೇಳಿತು. ಕ್ಯಾರೆಟ್ಟಿಗೆ ಟೋಪಿ ಹಾಕಿಸಿ, ಕೈಗೆ ಚೀಲ ಕೊಟ್ಟು "ಡಾಕ್ಟರ್ ಕ್ಯಾರೆಟ್" ಅಂತ ಪೋಸ್ಟರು ಅಂಟಿಸಿದರು. ಬಚ್ಚಿಡುವುದಿರಲಿ, ಮೆರವಣಿಗೆಯನ್ನೇ ಮಾಡಿದರು.

ಹಾಗಾಗಿ ನನ್ನ ಮಾತು ಇಷ್ಟೆ. ಬೀಟ್ರೂಟು ಕೇಕಿನಲ್ಲಿ ಇರುವುದು ಮಗುವಿನ ಹೊಟ್ಟೆಗೆ ಮೋಸದಿಂದ ನುಗ್ಗುವುದಕ್ಕಲ್ಲ. ಅದಕ್ಕೆ ಅಲ್ಲಿ ಕೆಲಸ ಇದೆ. ಮೊಟ್ಟೆ ಕೇಕಿನಲ್ಲಿ ಹಿಡಿದಿಡುತ್ತದೆ, ಗಾಳಿ ತುಂಬುತ್ತದೆ, ತೇವ ಉಳಿಸುತ್ತದೆ. ಅದನ್ನು ತೆಗೆದರೆ ಈ ಮೂರನ್ನೂ ಬೇರೆಬೇರೆಯವರಿಗೆ ಹಂಚಬೇಕು. ಹಿಡಿಯುವ ಕೆಲಸ ಗೋಧಿಗೆ. ಗಾಳಿಯ ಕೆಲಸ ಮೊಸರಿನ ಹುಳಿಗೂ ಸೋಡಕ್ಕೂ, ಎರಡೂ ಸೇರಿದರೆ ಗುಳ್ಳೆ ಏಳುತ್ತದೆ. ತೇವ ಉಳಿಸುವ ಕೆಲಸ ಬೀಟ್ರೂಟಿಗೆ, ಅದರ ನೂರು ಗ್ರಾಮಿನಲ್ಲಿ 87 ಗ್ರಾಮಿನಷ್ಟು ನೀರೇ. ಅದಿಲ್ಲದೆ ಗೋಧಿ-ರಾಗಿ ಕೇಕು ಮಾಡಿ ನೋಡಿ, ಸಂಜೆಯೊಳಗೆ ರಸ್ಕು.

ಇನ್ನು ಆರೋಗ್ಯದ ಲೆಕ್ಕ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ನನ್ನ ಕೇಕಿಗೆ 150 ಗ್ರಾಂ ಬೀಟ್ರೂಟು. ಹದಿನಾರು ತುಂಡು ಮಾಡುತ್ತೇನೆ. ತುಂಡಿಗೆ ಒಂಬತ್ತು ಗ್ರಾಂ ಚಿಲ್ಲರೆ, ಅಂದರೆ ಎರಡು ಚಮಚ ಪಲ್ಯದಷ್ಟೂ ಇಲ್ಲ. ರಾಗಿ 80 ಗ್ರಾಂ, ತುಂಡಿಗೆ ಐದು ಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಅನ್ನುವುದು ನಿಜ, ಅಕ್ಕಿ-ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಐದು ಗ್ರಾಂ ರಾಗಿಯಲ್ಲಿ ಎಷ್ಟು ಬಂತು? 17-18 ಮಿಲಿಗ್ರಾಂ. ಒಂದು ಲೋಟ ಹಾಲಿನಲ್ಲಿ ಇನ್ನೂರಕ್ಕೂ ಮೇಲಿರುತ್ತದೆ. ಮಗ ರಾತ್ರಿ ಅಜ್ಜಿ ಜೊತೆ ಅರ್ಧ ಮುದ್ದೆ ನುಂಗಿದರೆ ಸಿಗುವಷ್ಟು ರಾಗಿ ನಾಲ್ಕೈದು ತುಂಡು ಕೇಕು ತಿಂದರೂ ಸಿಗುವುದಿಲ್ಲ.

ಬೆಲ್ಲದ ವಿಷಯ ಬೇರೆ. "ಸಕ್ಕರೆ ಇಲ್ಲ, ಬೆಲ್ಲ ಮಾತ್ರ" ಅನ್ನುವ ಮಾತು ಕೇಳಿದರೆ ನನಗೆ ನಗು. ಬೆಲ್ಲವೂ ಕಬ್ಬಿನದೇ ಅಲ್ವಾ? ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಮಂಡ್ಯದ ಆಲೆಮನೆ ಬೆಲ್ಲದ ರುಚಿಗೆ ನಾನು ಸೋತವಳು, ಚಾಕೊಲೇಟಿಗೆ ಅದರ ಘಮ ಚೆನ್ನಾಗಿ ಹೊಂದುತ್ತದೆ, ಹಾಗಾಗಿ ಹಾಕುತ್ತೇನೆ. ಔಷಧಿ ಅಂತ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ದೊಡ್ಡವರೇ ದಿನಕ್ಕೆ ಸುಮಾರು 25 ಗ್ರಾಂ ಸಕ್ಕರೆಯೊಳಗೆ ಇದ್ದರೆ ಒಳ್ಳೇದು ಅಂತ. ನನ್ನ ಕೇಕಿನ ಒಂದು ತುಂಡಿನಲ್ಲಿ ಒಂಬತ್ತು ಗ್ರಾಂ ಬೆಲ್ಲ ಇದೆ. ಬೀಟ್ರೂಟು ಇದೆ ಅಂತ ಮೂರು ತುಂಡು ಕೊಟ್ಟರೆ ಲೆಕ್ಕ ಅಲ್ಲಿಗೇ ಮುಗಿಯಿತು. ಸಿಹಿಯನ್ನು ಸಿಹಿ ಅಂತಲೇ ಕೊಡೋಣ. ಹಬ್ಬಕ್ಕೆ ಹೋಳಿಗೆ ಮಾಡಿ "ಇದರಲ್ಲಿ ಬೇಳೆ ಇದೆ, ಪ್ರೋಟೀನು" ಅಂತ ಯಾರಾದರೂ ಬಡಿಸುತ್ತಾರಾ?

ಬಚ್ಚಿಡುವವರ ಪರವಾಗಿಯೂ ಒಂದು ಮಾತಿದೆ. 2011ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಪುಟ್ಟ ಮಕ್ಕಳ ಊಟತಿಂಡಿಯಲ್ಲಿ ತರಕಾರಿ ರುಬ್ಬಿ ಬೆರೆಸಿ ನೋಡಿದ್ದರು. ಮಕ್ಕಳು ತಿಂದ ತರಕಾರಿ ನಿಜಕ್ಕೂ ಜಾಸ್ತಿಯಾಗಿತ್ತು. ಆದರೆ ಪಕ್ಕದಲ್ಲಿ ಕಣ್ಣಿಗೆ ಕಾಣುವ ಹಾಗೆ ತರಕಾರಿ ಬಡಿಸುವುದನ್ನು ಅವರು ಬಿಟ್ಟಿರಲಿಲ್ಲ. ಈ ಎರಡನೇ ಭಾಗ ರೀಲುಗಳಿಗೆ ಹಿಡಿಸುವುದಿಲ್ಲ. ಊಟವೇ ಸೇರದ, ಒಂದೆರಡು ಪದಾರ್ಥ ಬಿಟ್ಟು ಬೇರೇನೂ ಬಾಯಿಗಿಡದ ಮಕ್ಕಳ ಅಮ್ಮಂದಿರ ಕಷ್ಟ ಬೇರೆ. ಅವರ ಬಗ್ಗೆ ನಾನು ಮಾತಾಡುತ್ತಿಲ್ಲ.

ಈಗ ನಮ್ಮಲ್ಲಿ ಕೇಕು ಆಗುವುದು ಹೀಗೆ. 80 ಗ್ರಾಂ ರಾಗಿಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿದು, ತಣ್ಣಗಾದ ಮೇಲೆ ಮುಕ್ಕಾಲು ಕಪ್ ಮೊಸರಿನಲ್ಲಿ ಅರ್ಧ ಗಂಟೆ ಕಲಸಿಡುತ್ತೇನೆ. ಇದನ್ನು ತಪ್ಪಿಸಬೇಡಿ, ತಪ್ಪಿಸಿದರೆ ಹಲ್ಲಿಗೆ ಮರಳು ಸಿಕ್ಕ ಹಾಗಾಗುತ್ತದೆ. ಅದಕ್ಕೆ ರುಬ್ಬಿದ ಬೀಟ್ರೂಟು, 150 ಗ್ರಾಂ ಪುಡಿಬೆಲ್ಲ, ಅರ್ಧ ಕಪ್‌ಗೆ ಸ್ವಲ್ಪ ಕಮ್ಮಿ ಎಣ್ಣೆ. ಬೇರೆ ಪಾತ್ರೆಯಲ್ಲಿ 160 ಗ್ರಾಂ ಚಪಾತಿ ಹಿಟ್ಟು, ಐದು ಚಮಚ ಕೋಕೋ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡ, ಚಿಟಿಕೆ ಉಪ್ಪು, ಎಲ್ಲ ಜರಡಿ ಹಿಡಿದು. ಸೋಡ ಜಾಸ್ತಿಯಾದರೆ ಸೋಪು ತಿಂದ ಹಾಗಿರುತ್ತದೆ, ನಾನು ತಿಂದು ನೋಡಿದ್ದೇನೆ. ಎರಡನ್ನೂ ಸೇರಿಸುವಾಗ ಬೆಳಗಿನ ಗಟ್ಟಿ ಡಿಕಾಕ್ಷನ್ ಎರಡು ಚಮಚ. ಕಾಫಿ ರುಚಿ ಬರುವುದಿಲ್ಲ, ಚಾಕೊಲೇಟ್ ರುಚಿ ಎದ್ದು ಕಾಣುತ್ತದೆ. ಹಿಟ್ಟು ಗಟ್ಟಿ ಅನ್ನಿಸಿದರೆ ಸ್ವಲ್ಪ ಹಾಲು. ಕಲಸಿದ ಕೂಡಲೇ 180 ಡಿಗ್ರಿಯಲ್ಲಿ ಮೂವತ್ತೈದು ನಿಮಿಷ. ಓವನ್ ಇಲ್ಲದವರು ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್, ವಿಸಿಲ್ ಎರಡೂ ತೆಗೆದು ಮಾಡಬಹುದು. ಕೆಂಪು ಬಣ್ಣ ಬರಬಹುದು ಅಂತ ಕಾಯಬೇಡಿ. ಬೀಟ್ರೂಟಿನ ಬಣ್ಣ ಬಿಸಿಗೂ ಸೋಡಕ್ಕೂ ನಿಲ್ಲುವುದಿಲ್ಲ, ಕಂದು ಬಣ್ಣವೇ ಗತಿ.

ಕೋಕೋ ಅಂದಾಗ ಇನ್ನೊಂದು. ನಮ್ಮ ಅಡಿಕೆ ತೋಟದ ನಡುವೆ ಕೊಕ್ಕೊ ಗಿಡಗಳಿದ್ದವು. ಕಾಯಿ ಒಡೆದರೆ ಒಳಗೆ ಬೀಜಕ್ಕೆ ಅಂಟಿಕೊಂಡ ಬಿಳಿ ತಿರುಳು, ಹುಳಿಸಿಹಿ. ಚೀಪಿ ಬೀಜವನ್ನು ಬುಟ್ಟಿಗೆ ಉಗುಳಬೇಕು, ಎಸೆದರೆ ಅಪ್ಪ ಬೈಯುತ್ತಿದ್ದರು, ಅದು ದುಡ್ಡು. ಅಡಿಕೆ, ಕೊಕ್ಕೊ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದವರ ಚಾಕೊಲೇಟ್ ಕಾರ್ಖಾನೆ 1986ರಿಂದ ಪುತ್ತೂರಲ್ಲೇ ಇದೆ, ಆದರೂ ಆ ಬಿಳಿ ಲೋಳೆಯ ಬೀಜಕ್ಕೂ ಚಾಕೊಲೇಟಿಗೂ ಸಂಬಂಧ ಇದೆ ಅಂತ ನನಗೆ ಎಷ್ಟೋ ವರ್ಷ ನಂಬಿಕೆಯೇ ಬಂದಿರಲಿಲ್ಲ. 2024ರಲ್ಲಿ ಹೊರದೇಶದ ಮಾರುಕಟ್ಟೆಯಲ್ಲಿ ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ ನಾನಿಲ್ಲಿ ಅಂಗಡಿಯಲ್ಲಿ ಪೊಟ್ಟಣದ ಬೆಲೆ ನೋಡಿ ಗೊಣಗಿದೆ, ಅಪ್ಪ ಅಲ್ಲಿ ಫೋನಿನಲ್ಲಿ ನಗುತ್ತಿದ್ದರು.

ಮಗನಿಗೆ ಈಗ ಏಳು. ಬೆಂದ ಬೀಟ್ರೂಟಿನ ಸಿಪ್ಪೆ ಸುಲಿಯುವುದು, ರುಬ್ಬಿದ್ದರಲ್ಲಿ ಗಂಟು ಉಳಿದಿದೆಯಾ ಅಂತ ನೋಡುವುದು ಅವನ ಕೆಲಸ. ಸ್ವಿಚ್ ಬೋರ್ಡಿನ ತುಂಬ ಕೆಂಪು ಬೆರಳು. ಪಕ್ಕದ ಮನೆ ಹುಡುಗನಿಗೆ "ಬೀಟ್ರೂಟ್ ಕೇಕು, ಬೇಕಾ?" ಅಂತ ಹೆಸರು ಹೇಳಿಯೇ ಕೊಡುತ್ತಾನೆ. ಆ ಹುಡುಗ ಮೊದಲ ಸಲ ಬೇಡ ಅಂದ, ಎರಡನೇ ಸಲ ಮೂಸಿ ನೋಡಿದ, ಈಗ ಬಾಗಿಲಿಗೇ ಬರುತ್ತಾನೆ. ಬೀಟ್ರೂಟ್ ಪಲ್ಯ ತಿನ್ನುತ್ತಾನಾ ಅಂತ ಕೇಳುತ್ತೀರಿ. ಮಗ ಒಂದು ಚಮಚ ತಿನ್ನುತ್ತಾನೆ, ಮೂಗು ಮುಚ್ಚದೆ. ಉಳಿದದ್ದು ಇವತ್ತಿಗೂ ತಟ್ಟೆಯಂಚಿಗೇ.

ಇವತ್ತು ಬೀಟ್ರೂಟು ಸಿಗಲಿಲ್ಲ, ಸೋರೆಕಾಯಿ ತಂದೆ. ಪರದೇಶದವರು ಜುಕಿನಿ ಹಾಕುವ ಕಡೆಗೆಲ್ಲ ಅದು ಚೆನ್ನಾಗಿಯೇ ನಡೆಯುತ್ತದೆ, ತುರಿದು ಲಘುವಾಗಿ ಹಿಂಡಿದರೆ ಸಾಕು. ಮೊದಲು ತುದಿ ಕತ್ತರಿಸಿ ನಾಲಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ, ಕಹಿ ಸೋರೆ ಹೊಟ್ಟೆಗೆ ವಿಷ. ನಮ್ಮದು ಕಹಿ ಇರಲಿಲ್ಲ. ಅತ್ತೆ ಅರ್ಧ ಕಾಯಿಯನ್ನು ರಾತ್ರಿ ಸಾರಿಗೆ ಅಂತ ಆಗಲೇ ಕತ್ತರಿಸಿಟ್ಟುಕೊಂಡಿದ್ದಾರೆ. ಉಳಿದರ್ಧ ಕೇಕಿಗೆ.