ಕೂಸು ಹುಟ್ಟುವ ಮುನ್ನ ಕ್ಯಾಬಿನ್

ಕಳೆದ ಭಾನುವಾರ ಊಟವಾದ ಮೇಲೆ ನನ್ನ ಭಾವಮೈದುನ ಲ್ಯಾಪ್‌ಟಾಪ್ ತೆರೆದು, ಇಡೀ ಕುಟುಂಬವನ್ನು ಅದರ ಮುಂದೆ ಕೂರಿಸಿ, 2027ರ ಅಕ್ಟೋಬರ್ ಮೊದಲ ವಾರ ಯಾರು ಯಾರು ಎಲ್ಲೆಲ್ಲಿರುತ್ತೀರಿ ಎಂದು ಕೇಳಿದ. ಯಾರೂ ಉಸಿರೆತ್ತಲಿಲ್ಲ. ಅಮ್ಮ ಮಾತ್ರ ಎಲೆಯಡಿಕೆ ತಟ್ಟೆಯಿಂದ ತಲೆಯೆತ್ತದೆ, "ಅಷ್ಟರಲ್ಲಿ ನಾನಿರುತ್ತೇನೋ ಇಲ್ಲವೋ, ನನ್ನ ಪಾಲಿನ ದುಡ್ಡು ಕಟ್ಟಬೇಡಿ" ಎಂದಳು.

ಸಂಗತಿ ನಿಮಗೆ ಗೊತ್ತೇ ಇದೆ. ಪತ್ರಿಕೆ ತೆರೆದರೆ ಹಡಗು, ಮೊಬೈಲ್ ತೆರೆದರೆ ಹಡಗು. ಸಿಂಗಾಪುರದಲ್ಲಿ ಹತ್ತಿ, ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿ, ಮತ್ತೆ ಸಿಂಗಾಪುರದಲ್ಲಿಯೇ ಇಳಿಯುವ ವಿಹಾರ. ನಾವು ಹನ್ನೊಂದು ಜನ, ನಾಲ್ಕು ರಾತ್ರಿ. ಎಷ್ಟು ಮುಂಚೆ ಕಾಯ್ದಿರಿಸಬೇಕು ಎಂಬುದೊಂದೇ ಪ್ರಶ್ನೆ. ಆರು ತಿಂಗಳು ಸಾಕು ಎನ್ನುವ ಪಂಗಡವಿದೆ, ಹದಿನೆಂಟು ತಿಂಗಳು ಎನ್ನುವ ಪಂಗಡವಿದೆ, ಕೊನೆಯ ವಾರದವರೆಗೆ ಕಾದರೆ ಹಡಗಿನವನೇ ಕೈ ಹಿಡಿದು ಕರೆಯುತ್ತಾನೆ ಎನ್ನುವ ಆಶಾವಾದಿಗಳೂ ಇದ್ದಾರೆ. ದ್ವೈತ, ಅದ್ವೈತ, ವಿಶಿಷ್ಟಾದ್ವೈತಗಳ ನಡುವೆ ಇಷ್ಟು ಜಗಳ ನಡೆದಿರಲಾರದು. ಹಡಗಿನ ಕಂಪನಿಗಳಂತೂ ಎರಡು ವರ್ಷ ಮುಂಚೆಯೇ ಬಾಗಿಲು ತೆರೆದು ಕೂತಿವೆ.

ಅವರನ್ನು ಹೊಗಳಲೇಬೇಕು. ಶಾಲೆಯಲ್ಲಿ 'ಇಂದ' ತೃತೀಯಾ ವಿಭಕ್ತಿ ಎಂದು ಬಾಯಿಪಾಠ ಮಾಡಿದ್ದೆವು. ಅದರ ನಿಜವಾದ ಶಕ್ತಿ ತಿಳಿದದ್ದು "ತಲಾ ಇಷ್ಟು ರೂಪಾಯಿಯಿಂದ ಆರಂಭ" ಎಂಬ ಜಾಹೀರಾತು ಓದಿದ ಮೇಲೆ. ಇಡೀ ಹಡಗು ತೇಲುವುದು ಆ ಪ್ರತ್ಯಯದ ಮೇಲೆ. ಆ ದರಕ್ಕೆ ಸಿಗುವುದು ಕಿಟಕಿಯಿಲ್ಲದ ಕೋಣೆ. ಸಮುದ್ರ ನೋಡಲೆಂದು ಸಮುದ್ರಕ್ಕೆ ಹೋದವನು ಸಮುದ್ರ ಕಾಣಬೇಕಾದರೆ ಬೇರೆ ಹಣ ಕಟ್ಟಬೇಕು. ಬಂದರು ಶುಲ್ಕ ಬೇರೆ. ಟಿಪ್ಸ್ ಬೇರೆ, ಅದೂ ತಲೆಗಿಷ್ಟು, ರಾತ್ರಿಗಿಷ್ಟು ಎಂಬ ಲೆಕ್ಕದಲ್ಲಿ, ಈಗಲೇ ಕಟ್ಟಿದರೆ ಅನುಕೂಲವಂತೆ. ಹೋಟೆಲಿನಲ್ಲಿ ಉಂಡು, ಕೈ ತೊಳೆದು, ಮಾಣಿಯ ಮುಖ ನೋಡಿ ಹತ್ತೋ ಇಪ್ಪತ್ತೋ ಇಡುವುದು ನನಗೆ ಗೊತ್ತು. ಇನ್ನೂ ಕೆಲಸಕ್ಕೇ ಸೇರಿರದ ಮಾಣಿಗೆ ಒಂದೂವರೆ ವರ್ಷ ಮುಂಚೆ ಬಕ್ಷೀಸು ಕೊಡುವುದನ್ನು ಇದೇ ಮೊದಲು ಕೇಳಿದ್ದು.

ಕುಟುಂಬ ಸಮೇತ ಹೋಗುವವರು ತಡ ಮಾಡಲೇಬಾರದು ಎಂದು ಭಾವಮೈದುನ ವಿವರಿಸಿದ. ನಾಲ್ವರು ಮಲಗುವ ಕ್ಯಾಬಿನ್‌ಗಳು ಹಡಗಿನಲ್ಲಿ ಕಡಿಮೆ, ಮೊದಲು ಮುಗಿಯುವುದು ಅವೇ. ಹಾಸಿಗೆ ಖಾಲಿಯಿದ್ದರೂ ಕೆಲವೊಮ್ಮೆ ಕೊಡುವುದಿಲ್ಲವಂತೆ, ಏಕೆಂದರೆ ಹಡಗಿನ ಆ ಭಾಗಕ್ಕೆ ಗೊತ್ತುಮಾಡಿದ ಜೀವರಕ್ಷಕ ದೋಣಿಗಳಲ್ಲಿ ಅಷ್ಟು ಜನಕ್ಕೆ ಜಾಗವಿರುವುದಿಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಬಂದ ಬುದ್ಧಿ ಇದು, ಒಳ್ಳೆಯ ಬುದ್ಧಿಯೇ. ಆದರೆ ಮುಳುಗುವಾಗ ಬೇಕಾದ ಸೀಟನ್ನೂ ರಿಯಾಯಿತಿ ದರದ ಅವಧಿಯಲ್ಲಿಯೇ ಹಿಡಿಯಬೇಕು ಎಂದಾಗ ಅಮ್ಮ ಒಮ್ಮೆ ತಲೆಯೆತ್ತಿ ನೋಡಿದಳು.

ನಿಜವಾದ ಪೇಚು ಬಂದದ್ದು ನನ್ನ ಹೆಂಡತಿಯ ತಂಗಿಯ ವಿಷಯದಲ್ಲಿ. ಆಕೆಗೆ ಮದುವೆಯಾಗಿ ಐದು ತಿಂಗಳು. ಹಡಗಿನ ನಿಯಮ ಹೀಗಿದೆ: ಯಾನ ಮುಗಿಯುವುದರೊಳಗೆ 24ನೇ ವಾರಕ್ಕೆ ಕಾಲಿಡುವ ಗರ್ಭಿಣಿಯನ್ನು ಹತ್ತಿಸಿಕೊಳ್ಳುವುದಿಲ್ಲ, ಆರು ತಿಂಗಳು ತುಂಬದ ಕೂಸನ್ನೂ ಹತ್ತಿಸಿಕೊಳ್ಳುವುದಿಲ್ಲ. ಭಾವಮೈದುನ ಎಕ್ಸೆಲ್ ಹಾಳೆಯಲ್ಲಿ ಒಂದು ಹೊಸ ಕಾಲಂ ಎಳೆದ. ಒಡಹುಟ್ಟಿದ ತಂಗಿ ಎದುರಿಗೆ ಕೂತಿದ್ದಾಳೆ ಎಂಬ ಸಂಕೋಚ ಎಳ್ಳಷ್ಟೂ ಇಲ್ಲದೆ ಲೆಕ್ಕ ಹೇಳಿದ: ಮಗು ಒಂದೋ 2027ರ ಏಪ್ರಿಲ್‌ಗೆ ಮುಂಚೆ ಹುಟ್ಟಿರಬೇಕು, ಇಲ್ಲವೇ 2028ರ ಜನವರಿ ಕಳೆದ ಮೇಲೆ ಹುಟ್ಟಬೇಕು. ನಡುವಿನ ಹತ್ತು ತಿಂಗಳು ವರ್ಜ್ಯ. ಆಷಾಢವೆಂದು ಹೊಸ ಸೊಸೆಯನ್ನು ಒಂದು ತಿಂಗಳು ತವರಿಗೆ ಕಳುಹಿಸಿದರೆ ಮೂಢನಂಬಿಕೆ ಎಂದು ಇದೇ ಮನುಷ್ಯ ಭಾಷಣ ಮಾಡಿದ್ದ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರನ್ನು ನೋಡಿ ಊರು ನಕ್ಕಿತಂತೆ. ಕುಲಾವಿಗೆ ಮುಂಗಡವನ್ನಂತೂ ಯಾರೂ ಕೇಳಿರಲಿಲ್ಲ.

ಹುಡುಗಿ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಕೇಳಿತು.

ಅಮ್ಮನದು ಬೇರೆ ತಕರಾರು. ಆ ವಾರದಲ್ಲಿ ಏಕಾದಶಿ ಬರುತ್ತದೆಯೇ? ಹೊರಡುವ ದಿನ ಶುಕ್ರವಾರವಾದರೆ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ನವರಾತ್ರಿಯಲ್ಲಿ ಮನೆಯ ಬೊಂಬೆಗಳಿಗೆ ಆರತಿ ಎತ್ತುವವರು ಯಾರು? ಪಂಚಾಂಗ ನೋಡಿ ಹೇಳು ಎಂದಳು. ಹಡಗು ಹೊರಡುವ ಹೊತ್ತಿಗೆ ಪ್ಲವಂಗ ಸಂವತ್ಸರ ನಡೆಯುತ್ತಿರುತ್ತದೆ. ಆ ವರ್ಷದ ಪಂಚಾಂಗ ಇನ್ನೂ ಅಂಗಡಿಗೆ ಬಂದಿಲ್ಲ. ಗ್ರಹಗತಿ ಬಲ್ಲವರೇ ಸಮಯ ಬಂದಾಗ ನೋಡೋಣ ಎಂದು ಕೂತಿರುವಾಗ ಹಡಗಿನವರಿಗೆ ಆ ದಿನ ಸಂಜೆ ನಾಲ್ಕಕ್ಕೆ ನಾನು ಎಲ್ಲಿ ನಿಂತಿರುತ್ತೇನೆ ಎಂಬುದು ಗೊತ್ತು. ಅಂದ ಹಾಗೆ, ಪ್ಲವಂಗ ಎಂದರೆ ಕೋತಿ.

ಸರಿ, ಮಕ್ಕಳಿಗೆ ಆಗ ರಜೆ ಇರುತ್ತದೆಯೇ? ಈ ಪ್ರಶ್ನೆಗೆ ಉತ್ತರ ಬಲ್ಲವರು ಕರ್ನಾಟಕದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಲಿ. 2025ರ ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಚೀಲ ಜೋಡಿಸಿಟ್ಟ ಮಕ್ಕಳಿಗೆ ಅದೇ ದಿನ ಸುದ್ದಿ ಬಂತು: ಮೇಷ್ಟ್ರುಗಳು ಜಾತಿ ಸಮೀಕ್ಷೆ ಮುಗಿಸಿಲ್ಲ, ಆದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ರವರೆಗೆ ರಜೆ. ಪಕ್ಕದ ರಸ್ತೆಯ ಖಾಸಗಿ ಶಾಲೆಯ ಮಕ್ಕಳು ಮಾರನೆಯ ದಿನ ಬಸ್ ಹತ್ತಿ ಇವರನ್ನು ಕಿಟಕಿಯಿಂದ ನೋಡುತ್ತಾ ಹೋದವು. ಮಳೆಗಾಲದಲ್ಲಿ ಕರಾವಳಿಯ, ಮಲೆನಾಡಿನ ಮಕ್ಕಳ ಪಾಡು ಇನ್ನೂ ಸೊಗಸು. ರಾತ್ರಿ ಹತ್ತರವರೆಗೆ ಜಿಲ್ಲಾಧಿಕಾರಿಯ ಪ್ರಕಟಣೆಗೆ ಕಾದು, ಬರದಿದ್ದರೆ ನಿಟ್ಟುಸಿರಿಟ್ಟು ಹೋಂವರ್ಕ್ ಬರೆದು ಮಲಗಿ, ಬೆಳಗ್ಗೆ ಇಡ್ಲಿ ತಿಂದು ಸಮವಸ್ತ್ರ ತೊಟ್ಟ ಮೇಲೆ ರಜೆ ಎಂದು ತಿಳಿಯುತ್ತದೆ. ಏಳು ಗಂಟೆಯ ರಜೆಯನ್ನು ಏಳು ಗಂಟೆಗೇ ತಿಳಿಯುವ ನಾಡಿನವನನ್ನು ಹಿಡಿದು ಹದಿನೆಂಟು ತಿಂಗಳಾಚೆಯ ರಜೆ ಕೇಳುತ್ತಾರೆ.

ಹಾಗೆಂದು ನಮಗೆ ಮುಂದಾಲೋಚನೆಯೇ ಇಲ್ಲ ಎನ್ನಲಾಗದು. ಉಡುಪಿಯನ್ನು ನೋಡಿ. ಕೃಷ್ಣನ ಪೂಜೆಯ ಸರದಿಗೆ, ಅಂದರೆ ಪರ್ಯಾಯಕ್ಕೆ, ಎಂಟು ಮಠ, ತಲಾ ಎರಡು ವರ್ಷ, ಹದಿನಾರು ವರ್ಷಕ್ಕೊಂದು ಸುತ್ತು. ವಾದಿರಾಜರ ಕಾಲದಿಂದ, ಅಂದರೆ 1522ರಿಂದ, ನಡೆದುಬಂದ ಏರ್ಪಾಡು. 2026ರ ಜನವರಿ 18ರಿಂದ ಶಿರೂರು ಮಠದ ಸರದಿ, 2028ರ ಜನವರಿ 18ರಿಂದ ಸೋದೆ ಮಠದ್ದು, ಆಮೇಲೆ ಕಾಣಿಯೂರು, ಪೇಜಾವರ. ನಿಮ್ಮ ಮೊಮ್ಮಕ್ಕಳ ಕಾಲದ ಪರ್ಯಾಯ ಯಾರದೆಂದು ಬೇಕಿದ್ದರೆ ಬೆರಳೆಣಿಸಿ ಹೇಳಬಹುದು. ಸಿದ್ಧತೆಯಾದರೂ ಎಂಥದ್ದು! ಮೊದಲು ಬಾಳೆ ಮುಹೂರ್ತ. ಊಟಕ್ಕೆ ಎಲೆ ಬೇಕಲ್ಲ, ಅದಕ್ಕೆ ಸುಮಾರು ಒಂದು ವರ್ಷ ಮುಂಚೆ ಬಾಳೆಗಿಡ ನೆಡುತ್ತಾರೆ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಸೌದೆಯನ್ನು ರಥದ ಆಕಾರಕ್ಕೆ ಒಟ್ಟಿ ನಿಲ್ಲಿಸಿದ್ದನ್ನು ನೀವೂ ನೋಡಿರುತ್ತೀರಿ. ಇಷ್ಟೆಲ್ಲ ಮುಂಗಡ ವ್ಯವಸ್ಥೆ ಮಾಡಿ, ಕೊನೆಗೆ ಬಂದವರಿಗೆಲ್ಲ ಪುಕ್ಕಟೆ ಊಟ ಹಾಕುತ್ತಾರೆ. ಎಲೆಯ ಮುಂದೆ ಕೂತವನನ್ನು ನೀವು ಯಾವ ತಿಂಗಳು ಬುಕ್ ಮಾಡಿದ್ದಿರಿ ಎಂದು ಯಾರೂ ಕೇಳುವುದಿಲ್ಲ. ಹಿಂದೆ ಇದೇ ಊರಿನಲ್ಲಿ ಸಮುದ್ರ ದಾಟಿದ ಯತಿ ಕೃಷ್ಣನನ್ನು ಮುಟ್ಟಬಹುದೇ ಎಂದು ದೊಡ್ಡ ರಂಪವಾಗಿತ್ತು, 2008ರ ಪರ್ಯಾಯದಲ್ಲಿ. ಆ ಕಥೆ ಈಗ ಬೇಡ, ಅಮ್ಮನಿಗೆ ನೆನಪಾದರೆ ಹಡಗು ಇಲ್ಲಿಯೇ ಮುಳುಗುತ್ತದೆ.

ಉಡುಪಿಯಿಂದ ಸ್ವಲ್ಪ ದಕ್ಷಿಣಕ್ಕೆ ಪಣಂಬೂರು. ಅಲ್ಲಿನ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ವಿಹಾರ ನೌಕೆಗಳು ಬರುತ್ತವೆ. ಚೆಂಡೆ ಬಾರಿಸಿ, ಯಕ್ಷಗಾನದ ವೇಷ ನಿಲ್ಲಿಸಿ, ಹಾರ ಹಾಕಿ ಬರಮಾಡಿಕೊಳ್ಳುತ್ತಾರೆ. ವರ್ಷದ ಹಿಂದೆಯೇ ಯೂರೋಪಿನ ಯಾವುದೋ ಊರಿನಲ್ಲಿ ಕೂತು ಹಣ ಕಟ್ಟಿದ ಅಜ್ಜ ಅಜ್ಜಿಯರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ದೇವಸ್ಥಾನ ನೋಡಿ, ಗೋಡಂಬಿ ಕೊಂಡು, ಸಂಜೆಗೆ ಹಡಗು ಸೇರುತ್ತಾರೆ. ಸಂತೋಷ. ಇದೇ ಮಂಗಳೂರಿಗೆ, ಸುಮಾರು 350 ಕಿಲೋಮೀಟರ್ ದೂರದ ಬೆಂಗಳೂರಿನಿಂದ, ಅಲ್ಲಿಯೇ ಹುಟ್ಟಿದವನೊಬ್ಬ ಚೌತಿಗೆ ಹೋಗಬೇಕೆಂದರೆ ಆಗುವುದಿಲ್ಲ. ಎರಡು ತಿಂಗಳು ಮುಂಚೆ ಬೆಳಗ್ಗೆ ಎಂಟಕ್ಕೆ ಕಂಪ್ಯೂಟರ್ ಮುಂದೆ ಕೂತು, ಹೆಸರು, ವಯಸ್ಸು ತುಂಬಿ, ಒಟಿಪಿ ಬರುವಷ್ಟರಲ್ಲಿ ವೇಟಿಂಗ್ ಲಿಸ್ಟ್. ಖಾಸಗಿ ಬಸ್ಸಿನವನು ಕೇಳುವ ದುಡ್ಡಿಗೆ ವಿಮಾನ ಸಿಗುತ್ತದೆ. ಪ್ರತಿ ಹಬ್ಬಕ್ಕೆ ಮೊದಲು ಸಾರಿಗೆ ಸಚಿವರು, ಯಾವ ಪಕ್ಷದವರೇ ಇರಲಿ, ಹೆಚ್ಚು ದರ ಕೇಳಿದರೆ ಕಠಿಣ ಕ್ರಮ ಎಂದು ಎಚ್ಚರಿಸುತ್ತಾರೆ. ಆ ಹೇಳಿಕೆಯೂ ಮುಂಗಡವಾಗಿಯೇ ಅಚ್ಚಾಗಿರುತ್ತದೆಂದು ಕಾಣುತ್ತದೆ.

ರೈಲ್ವೆಯವರು ಮುಂಗಡದ ಅವಧಿಯನ್ನು ಉಯ್ಯಾಲೆ ಮಾಡಿಕೊಂಡಿದ್ದಾರೆ. 2013ರಲ್ಲಿ 120 ದಿನ ಇದ್ದದ್ದು 60 ಆಯಿತು. 2015ರ ಏಪ್ರಿಲ್‌ನಲ್ಲಿ ಮತ್ತೆ 120. 2024ರ ನವೆಂಬರ್ 1ರಿಂದ ಮತ್ತೆ 60. ತೀರಾ ಮುಂಚಿತವಾಗಿ ಕಾಯ್ದಿರಿಸಿದವರಲ್ಲಿ ನೂರಕ್ಕೆ ಇಪ್ಪತ್ತೊಂದು ಮಂದಿ ರದ್ದು ಮಾಡುತ್ತಾರೆ ಎಂಬುದು ಈ ಸಲ ಕೊಟ್ಟ ಕಾರಣ. ನಾಲ್ಕು ತಿಂಗಳಾಚೆಯ ಬದುಕು ಜನರಿಗೆ ಗೊತ್ತಿರುವುದಿಲ್ಲ ಎಂದು ಒಂದು ಇಲಾಖೆಯಾದರೂ ಒಪ್ಪಿಕೊಂಡಿತಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದಿತ್ತು, ಸೀಟು ಸಿಕ್ಕಿದ್ದರೆ.

ಯಾದಗಿರಿಯಿಂದ, ರಾಯಚೂರಿನಿಂದ ಬಂದು ಬೆಂಗಳೂರಿನಲ್ಲಿ ಗಾರೆ ಕಲಸುವವನಿಗೆ ನಾಳೆ ಕೆಲಸವಿದೆಯೇ ಎಂಬುದು ಮೇಸ್ತ್ರಿ ಇವತ್ತು ಸಂಜೆ ಹೇಳಿದಾಗಲೇ ಗೊತ್ತಾಗುವುದು. ಅವನು ಅರವತ್ತು ದಿನ ಮುಂಚೆ ಏನನ್ನು ಕಾಯ್ದಿರಿಸಬೇಕು? ಹಬ್ಬದ ಹಿಂದಿನ ರಾತ್ರಿ ಜನರಲ್ ಬೋಗಿಯ ಶೌಚಾಲಯದ ಬಾಗಿಲಿಗೆ ಒರಗಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಹೋಗುತ್ತಾನೆ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಪ್ರತಿ ವರ್ಷ ನೋಡುತ್ತೇವೆ, ಪ್ರತಿ ವರ್ಷ ಅದೇ ಫೋಟೊ ಹಾಕುತ್ತಾರೆ, ನನಗೂ ಬರೆದು ಬರೆದು ಸಾಕಾಗಿದೆ. ಬೇಗ ಬಂದವರಿಗೆ ಅಗ್ಗ ಎಂಬ ಮಾತಿನ ಅರ್ಥ, ಮುಂದಿನ ವರ್ಷವೂ ತನ್ನ ಸಂಬಳ ಬರುತ್ತದೆಂದು ಗೊತ್ತಿರುವವನಿಗೆ ಅಗ್ಗ ಎಂದು. ಉಳಿದವನು ಅದೇ ಸೀಟಿಗೆ ದುಪ್ಪಟ್ಟು ಕೊಡಬೇಕು, ಇಲ್ಲವೇ ನಿಲ್ಲಬೇಕು.

ಹಡಗಿಗೆ ಬರೋಣ. ಕರಾರುಪತ್ರವನ್ನು ನಾನೇ ಓದಿದೆ, ಮನೆಯಲ್ಲಿ ಕನ್ನಡಕ ಇರುವವನು ನಾನೊಬ್ಬನೇ ಎಂಬ ಕಾರಣಕ್ಕೆ. ಹೊರಡುವ ಸುಮಾರು ಮೂರು ತಿಂಗಳು ಮುಂಚೆ ಪೂರ್ತಿ ಹಣ ಕಟ್ಟಬೇಕು. ಆಮೇಲೆ ನಾವು ಮನಸ್ಸು ಬದಲಿಸಿದರೆ ದಂಡ, ದಿನ ಹತ್ತಿರವಾದಂತೆ ದಂಡ ದೊಡ್ಡದು, ಕೊನೆಗೆ ಪೂರ್ತಿ ಹಣ ನೀರುಪಾಲು. ಅವರು ಮನಸ್ಸು ಬದಲಿಸಿದರೆ? ಹವಾಮಾನ ಅಥವಾ ಮತ್ತಾವುದೋ ಕಾರಣಕ್ಕೆ ಯಾವುದೇ ಬಂದರನ್ನು ಬಿಡುವ, ಮಾರ್ಗ ಬದಲಿಸುವ ಹಕ್ಕು ಕಂಪನಿಗಿದೆ. ಪೆನಾಂಗಿಗೆ ಹಣ ಕಟ್ಟಿ, ಪೆನಾಂಗಿನ ಬದಲು ನೀರು ನೋಡಿಕೊಂಡು ಬರಬಹುದು. ನಾನು ಮಾತ್ರ ಹದಿನೆಂಟು ತಿಂಗಳು ಮುಂಚೆ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆದುಕೊಟ್ಟು, ಹೇಳಿದ ದಿನ, ಹೇಳಿದ ಗಂಟೆಗೆ, ಬದುಕಿರಬೇಕು.

ಭಾವಮೈದುನನಿಗೆ ಇದಾವುದೂ ಕಿವಿಗೆ ಬೀಳಲಿಲ್ಲ. ರಿಯಾಯಿತಿ ಮುಗಿಯಲು ನಲವತ್ತು ನಿಮಿಷ ಉಳಿದಿದೆ ಎಂದು ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು. ಅಮ್ಮನ ಮಾತು ಅವನ ಮನಸ್ಸಿನಲ್ಲಿ ಉಳಿದಿತ್ತೆಂದು ಕಾಣುತ್ತದೆ. ಸ್ವಲ್ಪ ಹೊತ್ತು ಏನನ್ನೋ ಹುಡುಕಿ, ದನಿ ತಗ್ಗಿಸಿ, "ಕೊನೆಯ ಕಂತಿನವರೆಗೂ ಪ್ರಯಾಣಿಕರ ಹೆಸರು ಬದಲಿಸಬಹುದಂತೆ" ಎಂದ. ನನ್ನ ಹೆಂಡತಿ ಅವನ ಕಾಲು ತುಳಿದಳು.

ಅಮ್ಮನಿಗೆ ಕೇಳಿಸಲಿಲ್ಲ. ಆಕೆ ಆಗಲೇ ಎದ್ದು ಜಗಲಿಗೆ ಹೋಗಿ, ಉಡುಪಿಯಲ್ಲಿರುವ ತಂಗಿಗೆ ಫೋನು ಹಚ್ಚಿದ್ದಳು. ಸೋದೆಯವರ ಪರ್ಯಾಯಕ್ಕೆ ತಾನು ಎರಡು ದಿನ ಮೊದಲೇ ಬರುವುದಾಗಿಯೂ, ಮೆರವಣಿಗೆ ಕಾಣುವ ಆ ಕಿಟಕಿಯ ಪಕ್ಕದ ಮಂಚವನ್ನು 2028ರ ಜನವರಿಯಲ್ಲಿ ಬೇರೆ ಯಾರಿಗೂ ಕೊಡಕೂಡದೆಂದೂ ಹೇಳುತ್ತಿದ್ದಳು.