ಹೆರಿಗೆ ಆಲ್ಪಾಕಾದ್ದು, ಬೇನೆ ಅಪಾರ್ಟ್‌ಮೆಂಟಿಗೆ

ಉತ್ತರಹಳ್ಳಿ ಕಡೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ಯಾವುದೋ ಫಾರ್ಮಿನಲ್ಲಿ ಒಂದು ಆಲ್ಪಾಕಾ ತುಂಬು ಬಸುರಿ. ಅದರ ಕೊಟ್ಟಿಗೆಗೆ ಲೈವ್ ಕ್ಯಾಮೆರಾ ಹಾಕಿದ್ದಾರೆ. ಇಲ್ಲಿ ಮನೆಮನೆಯಲ್ಲೂ ಬಾಣಂತನದ ತಯಾರಿ.

ಆಲ್ಪಾಕಾ ಅಂದರೆ ಒಂಟೆ ಜಾತಿಯ ಪುಟ್ಟ ಪ್ರಾಣಿ, ಆಂಡಿಸ್ ಬೆಟ್ಟದ್ದು, ಮೈತುಂಬಾ ಉಣ್ಣೆ. ಬಸುರು 11 ತಿಂಗಳು ದಾಟುತ್ತದೆ. ಇಂಥ ದಿನವೇ ಹೆರುತ್ತದೆ ಅಂತ ಹೇಳೋಕಾಗಲ್ಲ, ವಾರಗಟ್ಟಲೆ ಹಿಂದೆಮುಂದೆ ಆಗುತ್ತದೆ. ಒಂದು ಮಾತ್ರ ಹೆಚ್ಚುಕಡಿಮೆ ಖಾತ್ರಿ. ಹೆರಿಗೆ ಸಾಮಾನ್ಯವಾಗಿ ಹಗಲಲ್ಲೇ, ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ. ಅಲ್ಲಿ ಬೆಳಿಗ್ಗೆ 11 ಆದಾಗ ಇಲ್ಲಿ ರಾತ್ರಿ ಹನ್ನೊಂದೂವರೆ. ಹಾಗಾಗಿ ಅದು ಆರಾಮಾಗಿ ಬಿಸಿಲಿಗೆ ಕೂತು ಮೆಲುಕು ಹಾಕುತ್ತದೆ, ನಮ್ಮವರು ಕಣ್ಣಿಗೆ ನೀರು ಚಿಮುಕಿಸಿಕೊಂಡು ಅದನ್ನೇ ನೋಡುತ್ತಾರೆ. ‘ಎದ್ದಳು’ ಅಂತ ಗ್ರೂಪಿನಲ್ಲಿ ಮೆಸೇಜ್ ಬರುತ್ತದೆ. ಐದು ನಿಮಿಷಕ್ಕೆ ‘ಕೂತಳು’.

ಆಲ್ಪಾಕಾಗಳು ಹಿಂಡಿಗೆಲ್ಲ ಒಂದೇ ಜಾಗ ಮಾಡಿಕೊಂಡು ಅಲ್ಲೇ ಹಿಕ್ಕೆ ಹಾಕುತ್ತವೆ. ಇದನ್ನು ನೋಡಿ ಸೆಕ್ರೆಟರಿ ಅಂಕಲ್‌ಗೆ ತುಂಬಾ ಮೆಚ್ಚುಗೆ. ‘ಏನು ಶಿಸ್ತು ಸಾರ್, ನಮ್ಮ ಜನಕ್ಕೆ ಯಾವಾಗ ಬರುತ್ತೆ?’ ಅಂದರು. ನಮ್ಮ ಜನಕ್ಕೆ ಬಂದು ಎಷ್ಟೋ ಕಾಲವಾಯಿತು! ಸ್ಕೂಟರ್ ನಿಧಾನ ಮಾಡಿ, ಆಚೀಚೆ ನೋಡಿ, ಗಂಟು ಕಟ್ಟಿದ ಕಪ್ಪು ಕವರನ್ನು ಬೀಸಿ ಒಗೆಯುವ ಟ್ರಾನ್ಸ್‌ಫಾರ್ಮರ್ ಮೂಲೆ ಇಡೀ ಬಡಾವಣೆಗೆ ಒಂದೇ. ಬೇರೆ ಕಡೆ ಯಾರೂ ಹಾಕಲ್ಲ. ಪಾಲಿಕೆಯವರು ಅದಕ್ಕೆ ಬ್ಲಾಕ್ ಸ್ಪಾಟ್ ಅನ್ನುತ್ತಾರೆ. ಒಂದು ಸಲ ಕ್ಲೀನ್ ಮಾಡಿಸಿ ರಂಗೋಲಿ ಬಿಡಿಸಿದರು. ಮಾರನೇ ದಿನ ಕವರುಗಳು ರಂಗೋಲಿಯ ನಡುಮಧ್ಯಕ್ಕೇ ಬಿದ್ದಿದ್ದವು, ಗುರಿ ಸಿಕ್ಕಿತಲ್ಲ. ಅಲ್ಲೂ ಕಂಬದ ಮೇಲೆ ಒಂದು ಕ್ಯಾಮೆರಾ ಇದೆ. ಅದನ್ನು ನೋಡೋಕೆ ಯಾರಿಗೂ ಪುರುಸೊತ್ತಿಲ್ಲ.

ನಮ್ಮ ಗೇಟಿನ ಎದುರಿಗೆ ಒಂದು ಹಂಚಿನ ಮನೆ. ಅಲ್ಲೊಬ್ಬ ಅಜ್ಜಿ, ಎರಡು ಸೀಮೆಹಸು. ಈ ಬಿಲ್ಡಿಂಗಿಗೆ ಪಾಯ ತೋಡುವ ಮೊದಲಿಂದಲೂ ಇದ್ದಾರೆ. ಆದರೂ ಸಗಣಿ ವಾಸನೆ, ನೊಣ, ಗಂಜಲ ಅಂತ ಅವರ ಮೇಲೆ ದೂರು ಬರೆದು ಮನೆಮನೆಗೆ ಹೋಗಿ ಸಹಿ ಹಾಕಿಸಿದ್ದಾಯಿತು. ಮೂರನೇ ಮಹಡಿ ಆಂಟಿಯದ್ದೇ ಮೊದಲ ಸಹಿ.

ಮೊನ್ನೆ ರಾತ್ರಿ ಅಜ್ಜಿಯ ಹಸು ಬೇನೆ ತಿನ್ನುತ್ತಿತ್ತು. ಹನ್ನೊಂದೂ ಮುಕ್ಕಾಲಿಗೆ ಗ್ರೂಪಿನಲ್ಲಿ ಸೆಕ್ರೆಟರಿ ಗರಂ: ‘ಮನುಷ್ಯರು ಬದುಕಬೇಕೋ ಬೇಡವೋ?’ ಪಾಪ, ನಿದ್ದೆ ಕೆಟ್ಟಿದ್ದಕ್ಕಲ್ಲ. ಆಲ್ಪಾಕಾಗಳು ಸಣ್ಣಗೆ ಗುಂಯ್ ಅನ್ನುತ್ತವೆ. ಈ ಹಸುವಿನ ಕೂಗಾಟದಲ್ಲಿ ಅದು ಕೇಳಿಸುತ್ತಿರಲಿಲ್ಲವಂತೆ.

ಎರಡೂ ಕಡೆ ಒಂದೇ ರಾತ್ರಿ ಸುಸೂತ್ರ ಆಯಿತು. ಆದರೆ ಆಂಟಿಗೆ ಸಮಾಧಾನ ಇಲ್ಲ. ಆಲ್ಪಾಕಾ ಮರಿ ಹುಟ್ಟಿದ ಕೆಲವೇ ಗಂಟೆಯಲ್ಲಿ ತಾಯಿಯ ಮೊದಲ ಹಾಲು ಕುಡಿಯಲೇಬೇಕು. ರೋಗ ತಡೆಯುವ ಶಕ್ತಿ ಅದಕ್ಕೆ ಬರುವುದೇ ಅದರಿಂದ. ಎಲ್ಲ ಓದಿಕೊಂಡಿದ್ದಾರೆ. ‘ಕುಡೀತಾ? ಯಾರಾದರೂ ನೋಡಿದ್ರಾ?’ ಅಂತ ಗ್ರೂಪಿನಲ್ಲಿ ಕೇಳಿದರು. ತಡೆಯಲಾಗದೆ ಫಾರ್ಮಿಗೇ ಮೇಲ್ ಹಾಕಿದರು. ಮರಿ ತಡವರಿಸುತ್ತಾ ಎದ್ದು ಕೆಚ್ಚಲಿಗೆ ಬಾಯಿ ಹಾಕಿದ ಮೇಲೆಯೇ ಆಂಟಿ ಮಲಗಿದ್ದು.

ಬೆಳಿಗ್ಗೆ ಏಳಕ್ಕೆ ಆಂಟಿ ಕೆಲಸದವಳ ಕೈಗೆ ಸ್ಟೀಲ್ ಕ್ಯಾನ್ ಕೊಟ್ಟು ಅಜ್ಜಿ ಮನೆಗೆ ಕಳಿಸಿದರು. ಗಿಣ್ಣು ಮಾಡಬೇಕಂತೆ. ‘ಮೊದಲು ಕರೆದದ್ದೇ ಕೇಳು. ಆಮೇಲಿನದು ಗಟ್ಟಿಯಾಗಲ್ಲ.’

‘ಕರು ಇನ್ನೂ ಕುಡಿದಿಲ್ಲ ತಾಯಿ. ಅದು ಕುಡಿದು ಮಿಕ್ಕಿದ್ರೆ ಕೊಡ್ತೀನಿ’ ಅಂದರು ಅಜ್ಜಿ.

ಸಂಜೆಗಾದರೂ ಸಿಗುತ್ತಾ ಅಂತ ಆಂಟಿ ಬಾಲ್ಕನಿಯಿಂದಲೇ ಕೂಗಿ ಕೇಳಿದರು, ಮೂಗಿಗೆ ದುಪಟ್ಟಾ ಅಡ್ಡ ಹಿಡಿದುಕೊಂಡು.