ಕೆಂಪು ಮಣಿ ಮತ್ತು ನನ್ನ ಹೆಸರಿದ್ದ ಬೋರ್ಡು

ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ನಾನು ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯೋ ಯಂತ್ರದ ಆಪರೇಟರ್ ಆಗಿದ್ದೆ. ರಿಜೆಕ್ಷನ್ ಜಾಸ್ತಿ ಬಂದವರ ಹೆಸರನ್ನು ಪ್ರತಿ ಶನಿವಾರ ಬೋರ್ಡಿನ ಮೇಲೆ ಕೆಂಪು ಮಾರ್ಕರ್‌ನಲ್ಲಿ ಬರೆಯೋರು. ಬೋರ್ಡಿನ ಮೇಲ್ಗಡೆ 'ಗುಣಮಟ್ಟವೇ ನಮ್ಮ ಉಸಿರು' ಅಂತ ಬ್ಯಾನರ್. ನನ್ನ ಹೆಸರು ಅಲ್ಲಿಂದ ಇಳಿದಿದ್ದೇ ಇಲ್ಲ. ಜಾಬನ್ನು, ಅಂದರೆ ಯಂತ್ರದಿಂದ ಬಂದ ದುಂಡನೆ ಭಾಗವನ್ನು, ಮೈಕ್ರೋಮೀಟರಿಗೆ ಹಿಡಿದು ಕಾಲು ಸುತ್ತು ತಿರುಗಿಸಿದರೆ ಅಳತೆಯೇ ಬೇರೆ ತೋರಿಸೋದು. ದುಂಡಗಿಲ್ಲ, ಓವಲ್! ಅದನ್ನು ತಿರುಗಿಸೋ ಯಂತ್ರದ ಭಾಗವೇ ಸವೆದಿತ್ತು. "ಸ್ಪಿಂಡಲ್ ಬೇರಿಂಗ್ ಹೋಗಿದೆ ಸಾರ್" ಅಂದರೆ, "ಮೊದಲು ನೀನು ಗಮನ ಕೊಟ್ಟು ಕೆಲಸ ಮಾಡಪ್ಪ" ಅನ್ನೋ ಉತ್ತರ.

ಎಡ್ವರ್ಡ್ಸ್ ಡೆಮಿಂಗ್ ಬಗ್ಗೆ ಓದಿದ್ದು ಎಷ್ಟೋ ವರ್ಷ ಆದಮೇಲೆ. 1900ರಲ್ಲಿ ಅಮೆರಿಕದ ಅಯೋವಾದಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ. ತರಗತಿಯಲ್ಲಿ ಒಂದು ಆಟ ಆಡಿಸುತ್ತಿದ್ದರಂತೆ. ಡಬ್ಬಿಯಲ್ಲಿ 3200 ಬಿಳಿ ಮಣಿ, 800 ಕೆಂಪು. 50 ಗುಳಿ ಇರೋ ಹಲಗೆ ಅದ್ದಿ ಬಿಳಿಯನ್ನಷ್ಟೇ ಎತ್ತಬೇಕು. ಕೆಂಪು ಬಂದರೆ ಡಿಫೆಕ್ಟ್. ಒಬ್ಬನಿಗೆ ಏಳು ಬರುತ್ತೆ, ಇನ್ನೊಬ್ಬನಿಗೆ ಹದಿಮೂರು. ಕಡಿಮೆ ಬಂದವನಿಗೆ ಶಹಭಾಸ್‌ಗಿರಿ, ಜಾಸ್ತಿ ಬಂದವನಿಗೆ ಬೈಗುಳ, ಕೊನೆಗೆ ಕೆಲಸದಿಂದಲೇ ವಜಾ. ಎಲ್ಲವನ್ನೂ ಡೆಮಿಂಗೇ ಗಂಭೀರ ಮುಖ ಹೊತ್ತು ಮಾಡೋರು. ಡಬ್ಬಿಯಲ್ಲೇ ಐದಕ್ಕೊಂದು ಕೆಂಪು ಇದ್ದರೆ ಎತ್ತೋನು ಏನು ಮಾಡಿಯಾನು? ಅದನ್ನು ಓದಿ ಒಬ್ಬನೇ ಕೂತು ನಕ್ಕಿದ್ದೆ. ಸ್ವಲ್ಪ ಕಣ್ಣೂ ಒದ್ದೆಯಾಗಿತ್ತು ಅನ್ನಿ.

1950ರಲ್ಲಿ ಜಪಾನಿನ ವಿಜ್ಞಾನಿಗಳ, ಇಂಜಿನಿಯರುಗಳ ಒಕ್ಕೂಟ ಗುಣಮಟ್ಟದ ಪಾಠ ಹೇಳೋಕೆ ಅವರನ್ನು ಕರೆಸಿತು. ಯುದ್ಧದಲ್ಲಿ ಸೋತ ದೇಶ. ಅದರ ಮಾಲು ಅಂದರೆ ಹೊರಗೆ ಎಲ್ಲರೂ ಮೂಗು ಮುರಿಯುತ್ತಿದ್ದ ಕಾಲ. ಡೆಮಿಂಗ್ ಇಂಜಿನಿಯರುಗಳಿಗೆ ಪಾಠ ಮಾಡಿದ್ದಷ್ಟೇ ಅಲ್ಲ, ಕಂಪನಿಗಳ ಯಜಮಾನರನ್ನೇ ಎದುರಿಗೆ ಕೂರಿಸಿಕೊಂಡರು. ನನಗೆ ಮುಖ್ಯ ಅನ್ನಿಸೋದು ಅದೇ. ಡಬ್ಬಿ ಇರೋದು ಯಜಮಾನರ ಕೈಯಲ್ಲಿ ತಾನೆ? ಪಾಠದ ಪುಸ್ತಕದ ಗೌರವಧನವನ್ನೂ ಅಲ್ಲೇ ಬಿಟ್ಟುಕೊಟ್ಟರು. ಆ ದುಡ್ಡಿನಿಂದ 1951ರಲ್ಲಿ ಡೆಮಿಂಗ್ ಪ್ರಶಸ್ತಿ ಶುರುವಾಯಿತು. 2002ರಲ್ಲಿ ನಮ್ಮ ಪಕ್ಕದ ಹೊಸೂರಿನ ಟಿವಿಎಸ್ ಮೋಟಾರಿಗೂ ಅದು ಬಂತು.

ಅವರ ಸ್ವಂತ ದೇಶಕ್ಕೆ ಅವರ ನೆನಪಾಗಿದ್ದು 1980ರಲ್ಲಿ, ಒಂದು ಟಿವಿ ಕಾರ್ಯಕ್ರಮದಿಂದ! ಆಮೇಲೆ ಫೋರ್ಡ್‌ನಂಥವರು ಹುಡುಕಿಕೊಂಡು ಬಂದರು. ಭಯ ಓಡಿಸಿ, ಗೋಡೆಮೇಲಿನ ಘೋಷಣೆ ಕಿತ್ತುಹಾಕಿ, ವರ್ಷಕ್ಕೊಮ್ಮೆ ಕೆಲಸಗಾರರಿಗೆ ಮಾರ್ಕ್ಸ್ ಹಾಕೋ ಅಪ್ರೈಸಲ್ ನಿಲ್ಲಿಸಿ ಅಂತ 1993ರಲ್ಲಿ ತೀರಿಕೊಳ್ಳುವ ತನಕ ಹೇಳುತ್ತಲೇ ಇದ್ದರು. ಇವತ್ತು ಅವರ ಹೆಸರಿನ ಪೋಸ್ಟರನ್ನೇ ಗೋಡೆಗೆ ಅಂಟಿಸಿ, ಅದರ ಕೆಳಗೇ ಕೂತು ಅಪ್ರೈಸಲ್ ಮಾಡೋ ಮಹಾನುಭಾವರನ್ನೂ ನೋಡಿದ್ದೇನೆ.

ಅಂದಹಾಗೆ, ನಾನು ಕೆಲಸ ಬಿಟ್ಟ ಎರಡೇ ತಿಂಗಳಿಗೆ ಆ ಬೇರಿಂಗ್ ಬದಲಾಯಿಸಿದರಂತೆ. ನನ್ನ ಜಾಗಕ್ಕೆ ಬಂದ ಹುಡುಗನ ಹೆಸರು ಬೋರ್ಡಿಗೆ ಏರಲೇ ಇಲ್ಲ. ಆಯುಧಪೂಜೆ ದಿನ ಅವನಿಗೆ 'ಉತ್ತಮ ಆಪರೇಟರ್' ಅಂತ ಗೋಡೆ ಗಡಿಯಾರ ಕೊಟ್ಟರಂತೆ.